ನ್ಯೂಕ್ಲಿಯರ್ ಭೌತವಿಜ್ಞಾನದ ಯಾವ ಸ್ಕೂಲ್ ಯಾರಿಗೆ? ಅರ್ಜಿ ಹಾಕುವ ಮುನ್ನ ಒಂದು ಹೋಲಿಕೆ

ಪಿಎಚ್‌.ಡಿ. ಸೇರಿ ಕೋರ್ಸ್‌ವರ್ಕ್ ಮುಗಿಯುವ ಹೊತ್ತಿಗೆ ಗೈಡ್ ಹೇಳುತ್ತಾರೆ: "ಈ ವರ್ಷ ಯಾವುದಾದರೂ ಒಳ್ಳೆಯ ಸ್ಕೂಲಿಗೆ ಅರ್ಜಿ ಹಾಕಿ." ಯಾವುದಕ್ಕೆ ಎಂಬುದು ಸಾಮಾನ್ಯವಾಗಿ ವಿದ್ಯಾರ್ಥಿಗೇ ಬಿಟ್ಟ ವಿಷಯ. ಇಲ್ಲಿ ಸ್ಕೂಲ್ ಅಂದರೆ ಒಂದರಿಂದ ಮೂರು ವಾರ ನಡೆಯುವ ಉನ್ನತ ತರಬೇತಿ. ಬೇರೆ ಬೇರೆ ದೇಶಗಳ ಪಿಎಚ್‌.ಡಿ. ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು (ಪಿಎಚ್‌.ಡಿ. ಮುಗಿಸಿ ಸಂಶೋಧನೆ ಮುಂದುವರಿಸುವವರು) ಒಂದೇ ಕಡೆ ಉಳಿದುಕೊಂಡು, ಆ ವಿಷಯದಲ್ಲೇ ಬದುಕು ಸವೆಸಿದವರಿಂದ ಪಾಠ ಕೇಳುತ್ತಾರೆ, ಅವರ ಜೊತೆಗೇ ಕೂತು ಊಟ ಮಾಡುತ್ತಾರೆ, ರಾತ್ರಿಯವರೆಗೂ ಚರ್ಚಿಸುತ್ತಾರೆ. ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ಇಂಥ ಸ್ಕೂಲುಗಳಿಗೆ ದಶಕಗಳ ಪರಂಪರೆ ಇದೆ. ಕೆಲವು ನಮ್ಮ ಗೈಡುಗಳು ಹುಟ್ಟುವ ಮೊದಲೇ ಶುರುವಾದವು.

ಹೆಚ್ಚಿನ ವಿದ್ಯಾರ್ಥಿಗಳು ಊರು ನೋಡಿಯೋ, ಸೀನಿಯರ್ ಹೋಗಿದ್ದರೆಂದೋ ಆರಿಸುತ್ತಾರೆ. ಆದರೆ ಪಿಎಚ್‌.ಡಿ. ಅವಧಿಯಲ್ಲಿ ವಿದೇಶಿ ಸ್ಕೂಲಿಗೆ ಹೋಗಿಬರುವ ಅವಕಾಶ ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗೆ ಒಂದು ಸಲ ಸಿಕ್ಕರೆ ದೊಡ್ಡದು. ಆ ಒಂದು ಅವಕಾಶವನ್ನು ತೂಗಿ ನೋಡಿ ಬಳಸಬೇಕು. ನಾನು ಸೂಚಿಸುವ ಅಳತೆಗೋಲು ಇಷ್ಟೇ: ನಿಮ್ಮ ಥೀಸಿಸ್ ಈಗ ಎಲ್ಲಿ ನಿಂತುಹೋಗಿದೆ? ಅದನ್ನು ಮುಂದಕ್ಕೆ ತಳ್ಳುವ ಸ್ಕೂಲ್ ಯಾವುದು? ಈ ಪ್ರಶ್ನೆಗೆ ಎರಡು ಸಾಲಿನ ಉತ್ತರ ಬರೆಯಲು ಸಾಧ್ಯವಾದ ಮೇಲೆ ಮುಂದಿನದನ್ನು ಓದಿ. ಬರೆಯಲು ಆಗದಿದ್ದರೆ ಇನ್ನೂ ಆರು ತಿಂಗಳು ಕೆಲಸ ಮಾಡಿ ಆಮೇಲೆ ಅರ್ಜಿ ಹಾಕುವುದೇ ಮೇಲು.

ಸ್ಕೂಲುಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು, ಕೇಳಿಸಿಕೊಳ್ಳುವ ಸ್ಕೂಲ್: ಬೆಳಗ್ಗೆಯಿಂದ ಸಂಜೆಯವರೆಗೆ ಉಪನ್ಯಾಸ, ನಡುವೆ ಪ್ರಶ್ನೋತ್ತರ, ಸಂಜೆ ವಿದ್ಯಾರ್ಥಿಗಳ ಪೋಸ್ಟರ್ ಅಥವಾ ಕಿರು ಭಾಷಣ. ಇನ್ನೊಂದು, ಮಾಡುವ ಸ್ಕೂಲ್: ಬೆಳಗ್ಗೆ ಪಾಠ, ಮಧ್ಯಾಹ್ನ ನೀವೇ ಕೋಡ್ ಬರೆಯಬೇಕು, ಇಲ್ಲವೇ ಡಿಟೆಕ್ಟರ್ (ಕಣ, ಕಿರಣಗಳನ್ನು ಗುರುತಿಸುವ ಉಪಕರಣ) ಮುಟ್ಟಬೇಕು. ಮೊದಲನೆಯದು ಕ್ಷೇತ್ರದ ನಕ್ಷೆ ಕೊಡುತ್ತದೆ. ಎರಡನೆಯದು ಕೈಗೆ ಒಂದು ಉಪಕರಣ ಕೊಡುತ್ತದೆ.

ಜೋಲಿಯೋ-ಕ್ಯೂರಿ ಸ್ಕೂಲ್

ಫ್ರಾನ್ಸ್‌ನಲ್ಲಿ 1982ರಿಂದ ನಡೆಯುತ್ತಿರುವ ವಾರ್ಷಿಕ ಸ್ಕೂಲ್ ಇದು. ಹೆಸರು ಐರೀನ್ ಮತ್ತು ಫ್ರೆಡರಿಕ್ ಜೋಲಿಯೋ-ಕ್ಯೂರಿ ದಂಪತಿಯದು. 1934ರಲ್ಲಿ ಅವರು ಪೊಲೋನಿಯಂನಿಂದ ಹೊರಟ ಆಲ್ಫಾ ಕಣಗಳನ್ನು ಅಲ್ಯೂಮಿನಿಯಂ ಹಾಳೆಗೆ ಬಡಿಸಿದರು. ಮೂಲವನ್ನು ದೂರ ಸರಿಸಿದ ಮೇಲೂ ಹಾಳೆ ಪಾಸಿಟ್ರಾನ್‌ಗಳನ್ನು ಉಗುಳುತ್ತಲೇ ಇತ್ತು. ಅಲ್ಲಿ ಹುಟ್ಟಿದ್ದು ಫಾಸ್ಫರಸ್-30, ಅರ್ಧಾಯುಷ್ಯ ಸುಮಾರು ಎರಡೂವರೆ ನಿಮಿಷ. ಮನುಷ್ಯ ತಾನೇ ತಯಾರಿಸಿದ ಮೊದಲ ವಿಕಿರಣಶೀಲ ಐಸೊಟೋಪ್ ಅದು. 1935ರ ರಸಾಯನಶಾಸ್ತ್ರದ ನೊಬೆಲ್ ಅದಕ್ಕೇ ಬಂತು.

ಸ್ಕೂಲಿನ ವೈಶಿಷ್ಟ್ಯವೆಂದರೆ ಪ್ರತಿ ವರ್ಷ ಒಂದೇ ವಿಷಯ. ಒಂದು ವರ್ಷ ನ್ಯೂಕ್ಲಿಯರ್ ರಿಯಾಕ್ಷನ್ ಇದ್ದರೆ ಇನ್ನೊಂದು ವರ್ಷ ಖಗೋಳ ಭೌತವಿಜ್ಞಾನ, ಮತ್ತೊಂದು ವರ್ಷ ಡಿಟೆಕ್ಷನ್ ತಂತ್ರಗಳು. ಸಾಮಾನ್ಯವಾಗಿ ಸೆಪ್ಟೆಂಬರ್ ಸುಮಾರಿಗೆ, ಕರಾವಳಿಯ ಯಾವುದಾದರೂ ವಸತಿಧಾಮದಲ್ಲಿ, ಒಂದು ವಾರ. ಹಿಂದೆ ಪಾಠಗಳು ಫ್ರೆಂಚ್‌ನಲ್ಲಿದ್ದವು. ಈಗ ಅಂತಾರಾಷ್ಟ್ರೀಯ ಸ್ಕೂಲಾಗಿ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಒಬ್ಬೊಬ್ಬ ಉಪನ್ಯಾಸಕರಿಗೂ ಹಲವು ಗಂಟೆಗಳ ಅವಕಾಶ ಇರುವುದರಿಂದ ವಿಷಯವನ್ನು ಬುಡದಿಂದ ಕಟ್ಟಿಕೊಂಡು ಬರುತ್ತಾರೆ. ಪ್ರಯೋಗದವರಿಗೂ ಸಿದ್ಧಾಂತದವರಿಗೂ ಒಂದೇ ಪಾಠ. ಇದೇ ಈ ಸ್ಕೂಲಿನ ದೊಡ್ಡ ಗುಣ ಎಂದು ನನಗನಿಸುತ್ತದೆ, ಏಕೆಂದರೆ ನಮ್ಮಲ್ಲಿ ಈ ಎರಡು ಗುಂಪಿನವರು ಒಂದೇ ವಿಭಾಗದಲ್ಲಿದ್ದರೂ ಐದು ವರ್ಷ ಪರಸ್ಪರ ಮಾತಾಡದೇ ಕಳೆದುಬಿಡಬಹುದು.

ಕೊರತೆಯೂ ಅಲ್ಲೇ ಇದೆ. ಆ ವರ್ಷದ ವಿಷಯ ನಿಮ್ಮದಾಗಿದ್ದರೆ ಇದಕ್ಕಿಂತ ಒಳ್ಳೆಯ ವಾರ ಬೇರೆ ಸಿಗದು. ನಿಮ್ಮದಲ್ಲದಿದ್ದರೆ, ಬಹಳ ಚೆನ್ನಾಗಿ ಹೇಳಿಕೊಟ್ಟ, ಥೀಸಿಸ್‌ಗೆ ಅಷ್ಟಾಗಿ ತಾಗದ ಒಂದು ವಾರ. ಹಾಗಾಗಿ ಈ ಸ್ಕೂಲಿಗೆ "ಹೋಗಬೇಕೇ" ಎಂದು ಕೇಳಿಕೊಳ್ಳುವುದಕ್ಕಿಂತ "ಈ ವರ್ಷ ಹೋಗಬೇಕೇ" ಎಂದು ಕೇಳಿಕೊಳ್ಳಿ.

ಯೂರೋಸ್ಕೂಲ್ ಆನ್ ಎಕ್ಸಾಟಿಕ್ ಬೀಮ್ಸ್

ನಮಗೆ ಈವರೆಗೆ ತಿಳಿದಿರುವ ನ್ಯೂಕ್ಲೈಡ್‌ಗಳು (ಪ್ರೋಟಾನ್, ನ್ಯೂಟ್ರಾನ್ ಸಂಖ್ಯೆಯಿಂದ ಬೇರೆ ಬೇರೆಯಾದ ನ್ಯೂಕ್ಲಿಯಸ್ ಬಗೆಗಳು) ಮೂರು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಸ್ಥಿರವಾದವು ಸುಮಾರು 250. ಉಳಿದದ್ದೆಲ್ಲ ಹುಟ್ಟಿ ಸಾಯುವಂಥದ್ದು, ಕೆಲವು ಮಿಲಿಸೆಕೆಂಡುಗಳಲ್ಲೇ. ಇಂಥ ಅಲ್ಪಾಯುಷಿ ನ್ಯೂಕ್ಲಿಯಸ್‌ಗಳನ್ನೇ ಬೀಮ್ (ಕಣಗಳ ಧಾರೆ) ಆಗಿ ಮಾಡಿ ಪ್ರಯೋಗ ನಡೆಸುವುದು ಎಕ್ಸಾಟಿಕ್ ಬೀಮ್ ಭೌತವಿಜ್ಞಾನ. ಈ ಕ್ಷೇತ್ರ ಎಲ್ಲರ ಗಮನ ಸೆಳೆದದ್ದು 1985ರಲ್ಲಿ. ಇಸಾವೊ ತನಿಹಾತಾ ಮತ್ತು ಸಂಗಡಿಗರು ಬರ್ಕ್ಲಿಯಲ್ಲಿ ಲಿಥಿಯಂ-11 ತನ್ನ ತೂಕಕ್ಕೆ ಮೀರಿ ದೊಡ್ಡದಾಗಿದೆ ಎಂದು ತೋರಿಸಿದರು. ಲಿಥಿಯಂ-9ರ ತಿರುಳಿನ ಸುತ್ತ ಎರಡು ನ್ಯೂಟ್ರಾನ್‌ಗಳು ಬಹು ದೂರದವರೆಗೆ ಹರಡಿಕೊಂಡಿವೆ, ಅದೇ "ಹೇಲೋ". ಅದರ ಅರ್ಧಾಯುಷ್ಯ 9 ಮಿಲಿಸೆಕೆಂಡಿಗೂ ತುಸು ಕಡಿಮೆ.

ಯೂರೋಸ್ಕೂಲ್ ಶುರುವಾದದ್ದು 1993ರಲ್ಲಿ, ಬೆಲ್ಜಿಯಂನ ಲ್ಯೂವೆನ್‌ನಲ್ಲಿ. ಅದಕ್ಕೆ ಕಾರಣವೂ ಇದೆ. ವಿಕಿರಣಶೀಲ ಬೀಮನ್ನು ಒಂದು ಸೈಕ್ಲೊಟ್ರಾನಿನಲ್ಲಿ (ಕಣಗಳ ವೇಗವರ್ಧಕ) ತಯಾರಿಸಿ ಇನ್ನೊಂದರಲ್ಲಿ ವೇಗೋತ್ಕರ್ಷಿಸುವ ಕೆಲಸ 1980ರ ದಶಕದ ಕೊನೆಗೆ ಪಕ್ಕದ ಲೂವಾಂ-ಲಾ-ನೂವ್‌ನಲ್ಲಿ ಕೈಗೂಡಿತ್ತು. ನೈಟ್ರೋಜನ್-13 ಒಂದು ಪ್ರೋಟಾನನ್ನು ಹಿಡಿದುಕೊಂಡು ಆಕ್ಸಿಜನ್-14 ಆಗುವ ಕ್ರಿಯೆಯನ್ನು ಅಲ್ಲಿ ನೇರವಾಗಿ ಅಳೆದರು. ನಕ್ಷತ್ರಗಳೊಳಗೆ ನಡೆಯುವ ಕ್ರಿಯೆಯೊಂದನ್ನು ವಿಕಿರಣಶೀಲ ಬೀಮ್‌ನಿಂದಲೇ ಪ್ರಯೋಗಾಲಯದಲ್ಲಿ ಮಾಡಿ ನೋಡಿದ ಆರಂಭದ ದಿನಗಳವು. ಆ ತಂತ್ರ ಬಲ್ಲ ಹೊಸ ತಲೆಮಾರು ಬೇಕಾಗಿತ್ತು, ಸ್ಕೂಲ್ ಹುಟ್ಟಿತು. ಮೊದಲ ಕೆಲವು ವರ್ಷ ಲ್ಯೂವೆನ್‌ನಲ್ಲೇ ನಡೆದು, ಆಮೇಲೆ ಯುರೋಪಿನ ಬೇರೆ ಬೇರೆ ಊರುಗಳಿಗೆ ಸುತ್ತತೊಡಗಿತು.

ಜೋಲಿಯೋ-ಕ್ಯೂರಿಗೆ ಹೋಲಿಸಿದರೆ ಇಲ್ಲಿ ವಿಷಯದ ಹರವು ಹೆಚ್ಚು. ಬೀಮ್ ತಯಾರಿಸುವುದು ಹೇಗೆ, ಅಯಾನುಗಳನ್ನು ಟ್ರ್ಯಾಪ್‌ನಲ್ಲಿ ಹಿಡಿದು ದ್ರವ್ಯರಾಶಿ ಅಳೆಯುವುದು ಹೇಗೆ, ಲೇಸರ್ ಸ್ಪೆಕ್ಟ್ರಾಸ್ಕೊಪಿಯಿಂದ ನ್ಯೂಕ್ಲಿಯಸ್‌ನ ಗಾತ್ರ ಮತ್ತು ಮೊಮೆಂಟ್‌ಗಳು ಹೇಗೆ ಸಿಗುತ್ತವೆ, ಕೂಲಂಬ್ ಎಕ್ಸೈಟೇಶನ್‌ನಿಂದ ಆಕಾರ ಹೇಗೆ ತಿಳಿಯುತ್ತದೆ, ರಿಯಾಕ್ಷನ್ ಸಿದ್ಧಾಂತ, ಖಗೋಳ, ಜೊತೆಗೆ ವೈದ್ಯಕೀಯ ಅನ್ವಯಗಳೂ ಆಗಾಗ. ಬೀಮ್ ತಯಾರಿಸುವ ಎರಡು ದಾರಿಗಳ ವ್ಯತ್ಯಾಸ ಇಲ್ಲಿ ಮನದಟ್ಟಾಗುತ್ತದೆ. ಒಂದು ದಾರಿಯಲ್ಲಿ ದಪ್ಪ ಟಾರ್ಗೆಟ್‌ಗೆ ಪ್ರೋಟಾನ್ ಬಡಿದು, ಹುಟ್ಟಿದ ಐಸೊಟೋಪ್‌ಗಳನ್ನು ಕಾಯಿಸಿ ಹೊರಗೆ ತಂದು, ಅಯಾನು ಮಾಡಿ, ಬೇರ್ಪಡಿಸಬೇಕು. ಸರ್ನ್‌ನ ಐಸೊಲ್ಡೆ ಪ್ರಯೋಗಾಲಯ 1967ರಿಂದ ಮಾಡುತ್ತಿರುವುದು ಇದನ್ನೇ. ಇನ್ನೊಂದು ದಾರಿಯಲ್ಲಿ ಭಾರದ ಅಯಾನನ್ನೇ ವೇಗವಾಗಿ ತೆಳು ಟಾರ್ಗೆಟ್‌ಗೆ ಹೊಡೆದು, ಚೂರುಗಳನ್ನು ಹಾರುತ್ತಿರುವಾಗಲೇ ಆರಿಸಬೇಕು. ಜರ್ಮನಿಯ ಜಿಎಸ್‌ಐ, ಜಪಾನಿನ ರಿಕೆನ್, 2022ರಲ್ಲಿ ಕೆಲಸ ಶುರುಮಾಡಿದ ಅಮೆರಿಕದ ಎಫ್‌ಆರ್‌ಐಬಿ ಪ್ರಯೋಗಾಲಯಗಳು ಹಿಡಿದದ್ದು ಈ ದಾರಿ. ಮೊದಲನೆಯದರಲ್ಲಿ ಬೀಮ್ ಶುದ್ಧವಾಗಿ, ಅಚ್ಚುಕಟ್ಟಾಗಿ ಸಿಗುತ್ತದೆ, ಆದರೆ ಟಾರ್ಗೆಟ್‌ನಿಂದ ಹೊರಬರುವಷ್ಟರಲ್ಲೇ ಕೆಲವು ನ್ಯೂಕ್ಲಿಯಸ್‌ಗಳು ಕ್ಷಯಿಸಿರುತ್ತವೆ, ಕೆಲವು ಧಾತುಗಳು ಹೊರಬರುವುದೇ ಇಲ್ಲ. ಎರಡನೆಯದರಲ್ಲಿ ಮೈಕ್ರೋಸೆಕೆಂಡ್ ಬದುಕುವುದನ್ನೂ ಹಿಡಿಯಬಹುದು, ಆದರೆ ಬೀಮ್ ಅಗಲವಾಗಿ ಚೆದುರಿರುತ್ತದೆ. ನಿಮ್ಮ ಪೋಸ್ಟ್‌ಡಾಕ್ ಎಲ್ಲಿ ಎಂಬ ನಿರ್ಧಾರಕ್ಕೂ ಈ ತಿಳಿವಳಿಕೆ ನೆರವಾಗುತ್ತದೆ.

ಇಲ್ಲಿ ಹಣ ಖರ್ಚಿಲ್ಲದ ಒಂದು ಲಾಭವನ್ನು ಹೇಳಲೇಬೇಕು. ಯೂರೋಸ್ಕೂಲ್‌ನ ಉಪನ್ಯಾಸಗಳನ್ನು ಆಯ್ದು 2004ರಿಂದ ಸಂಪುಟಗಳಾಗಿ ಪ್ರಕಟಿಸುತ್ತಾ ಬಂದಿದ್ದಾರೆ, ಮತ್ತು ಸ್ಕೂಲಿನ ಜಾಲತಾಣದಲ್ಲಿ ಅವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಸ್ಕೂಲಿಗೆ ಆಯ್ಕೆಯಾಗಲಿ, ಆಗದಿರಲಿ, ನಿಮ್ಮ ವಿಷಯಕ್ಕೆ ಹತ್ತಿರವಾದ ಎರಡು ಅಧ್ಯಾಯಗಳನ್ನು ಪೆನ್ನು ಹಿಡಿದು ಓದಿ. ಪಠ್ಯಪುಸ್ತಕಕ್ಕೂ ಸಂಶೋಧನಾ ಲೇಖನಕ್ಕೂ ನಡುವೆ ಇರುವ ಕಂದಕವನ್ನು ತುಂಬುವ ಬರಹಗಳವು. ಓದಿದ ಮೇಲೂ ಅಲ್ಲಿಗೆ ಹೋಗಬೇಕೆನಿಸಿದರೆ ಅರ್ಜಿಯಲ್ಲಿ ಏನು ಬರೆಯಬೇಕೆಂಬುದು ತಾನಾಗಿ ಗೊತ್ತಾಗಿರುತ್ತದೆ.

ಪ್ರಯೋಗದ ವಿದ್ಯಾರ್ಥಿ, ಎರಡನೆಯ ಅಥವಾ ಮೂರನೆಯ ವರ್ಷ, ಗಾಮಾ ಸ್ಪೆಕ್ಟ್ರಾಸ್ಕೊಪಿ ಅಥವಾ ರಿಯಾಕ್ಷನ್ ಕೆಲಸ, ಮುಂದೆ ವಿದೇಶದಲ್ಲಿ ಪೋಸ್ಟ್‌ಡಾಕ್ ಮಾಡುವ ಇರಾದೆ. ಇಷ್ಟೂ ನಿಮಗೆ ಹೊಂದುವುದಾದರೆ ನನ್ನ ಮೊದಲ ಶಿಫಾರಸು ಯೂರೋಸ್ಕೂಲ್.

ಟ್ಯಾಲೆಂಟ್: ಮೂರು ವಾರ, ಬೆವರು ಸುರಿಸಿ

ಸಿದ್ಧಾಂತದ ವಿದ್ಯಾರ್ಥಿಗಳಿಗೆ ಉತ್ತರ ಬೇರೆ. ಕಡಿಮೆ ಶಕ್ತಿಯ ನ್ಯೂಕ್ಲಿಯರ್ ಸಿದ್ಧಾಂತದಲ್ಲಿ ಉನ್ನತ ತರಬೇತಿಗಾಗಿ ಯುರೋಪ್ ಮತ್ತು ಉತ್ತರ ಅಮೆರಿಕದವರು ಸೇರಿ ರೂಪಿಸಿದ ಕೋರ್ಸ್‌ಗಳ ಮಾಲೆ ಟ್ಯಾಲೆಂಟ್. ಇದು ಒಂದೇ ಊರಿನ ಸ್ಕೂಲಲ್ಲ, ಒಂದೇ ವಿಷಯದ್ದೂ ಅಲ್ಲ. ನ್ಯೂಕ್ಲಿಯರ್ ಬಲಗಳು, ಮೆನಿ-ಬಾಡಿ (ಹಲವು ಕಣಗಳನ್ನು ಒಟ್ಟಿಗೇ ಲೆಕ್ಕಿಸುವ) ವಿಧಾನಗಳು, ಶೆಲ್ ಮಾಡೆಲ್ (ನ್ಯೂಕ್ಲಿಯಸ್‌ನ ಕಣಗಳನ್ನು ಶಕ್ತಿಮಟ್ಟಗಳಲ್ಲಿ ಕೂರಿಸಿ ನೋಡುವ ಮಾದರಿ), ಡೆನ್ಸಿಟಿ ಫಂಕ್ಷನಲ್, ರಿಯಾಕ್ಷನ್, ಖಗೋಳ, ಹೀಗೆ ಒಂದೊಂದು ಕೋರ್ಸ್ ಒಂದೊಂದು ಕಡೆ. 2019ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಬೇಸಿಯನ್ ವಿಧಾನಗಳು ಮತ್ತು ಮಷೀನ್ ಲರ್ನಿಂಗ್ ಮೇಲೆ ಕೋರ್ಸ್ ನಡೆಯಿತು. ಇಟಲಿಯ ಟ್ರೆಂಟೊದಲ್ಲಿ 1993ರಿಂದ ಇರುವ ಸೈದ್ಧಾಂತಿಕ ಕೇಂದ್ರ ಇಸಿಟಿ ಸ್ಟಾರ್ ಕೂಡ ಇದಕ್ಕೆ ಮನೆ ಮಾಡಿಕೊಟ್ಟಿದೆ. ಆ ಕೇಂದ್ರದ್ದೇ ಪ್ರತ್ಯೇಕ ಡಾಕ್ಟೊರಲ್ ತರಬೇತಿಯೂ ಇದೆ, ಹಲವು ವಾರಗಳದ್ದು. ಎರಡನ್ನೂ ಒಟ್ಟಿಗೇ ಗಮನದಲ್ಲಿಡಿ.

ಕೋರ್ಸ್ ಮೂರು ವಾರ. ಬೆಳಗ್ಗೆ ಪಾಠ, ಮಧ್ಯಾಹ್ನ ಗುಂಪುಗಳಾಗಿ ಲೆಕ್ಕ ಮತ್ತು ಕೋಡ್, ಕೊನೆಗೆ ಒಂದು ಪ್ರಾಜೆಕ್ಟ್. ಮಧ್ಯಾಹ್ನದ ಕೆಲಸ ಹೇಗಿರುತ್ತದೆ ಎಂಬುದಕ್ಕೆ, ಮೆನಿ-ಬಾಡಿ ಪಾಠಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಸಮಾನ ಅಂತರದಲ್ಲಿ ನಾಲ್ಕು ಶಕ್ತಿಮಟ್ಟಗಳಿವೆ, ಎಲ್ಲಕ್ಕಿಂತ ಕೆಳಗಿನದು 0, ಅಂತರ 1. ಪ್ರತಿ ಮಟ್ಟದಲ್ಲಿ ಎರಡು ಕಣಗಳಿಗೆ ಜಾಗ, ಒಂದರ ಸ್ಪಿನ್ ಮೇಲೆ, ಇನ್ನೊಂದರದ್ದು ಕೆಳಗೆ. ಒಟ್ಟು ನಾಲ್ಕು ಕಣಗಳು, ಜೋಡಿಗಳನ್ನು ಒಡೆಯುವಂತಿಲ್ಲ. ಎರಡು ಜೋಡಿಗಳನ್ನು ನಾಲ್ಕು ಮಟ್ಟಗಳಲ್ಲಿ ಕೂರಿಸಲು 6 ವಿಧ, ಅಲ್ಲಿಗೆ ಒಟ್ಟು ಶಕ್ತಿಯನ್ನು ಹೇಳುವ ಹ್ಯಾಮಿಲ್ಟೋನಿಯನ್ 6ಕ್ಕೆ 6ರ ಮ್ಯಾಟ್ರಿಕ್ಸ್. ಜೋಡಿಬಲ "ಜಿ" ಎಂದಿಟ್ಟುಕೊಂಡರೆ ಕರ್ಣದ ಮೇಲೆ 2−ಜಿ, 4−ಜಿ, 6−ಜಿ, 6−ಜಿ, 8−ಜಿ, 10−ಜಿ ಬರುತ್ತವೆ. ಒಂದೇ ಒಂದು ಜೋಡಿ ಜಾಗ ಬದಲಿಸಿದ ಸ್ಥಿತಿಗಳ ನಡುವೆ −ಜಿ/2. ಎರಡೂ ಜೋಡಿ ಬದಲಾದ ಕಡೆ ಸೊನ್ನೆ. ಕಾಗದದ ಮೇಲೆ ಅರ್ಧ ಗಂಟೆಯ ಕೆಲಸ.

ಆಮೇಲೆ ಅದನ್ನೇ ಕೋಡ್‌ನಲ್ಲಿ ಬರೆಯಬೇಕು, ಎಷ್ಟೇ ಮಟ್ಟ, ಎಷ್ಟೇ ಜೋಡಿ ಕೊಟ್ಟರೂ ಓಡುವಂತೆ. ಎಂಟು ಮಟ್ಟ, ನಾಲ್ಕು ಜೋಡಿ ಎಂದರೆ 70 ಸ್ಥಿತಿಗಳು. ಇಲ್ಲಿಯವರೆಗೆ ಎಲ್ಲ ಸುಗಮ. ನಿಜವಾದ ನ್ಯೂಕ್ಲಿಯಸ್‌ಗೆ ಬಂದಾಗ ಸಂಖ್ಯೆಗಳು ಹೇಗೆ ಉಬ್ಬುತ್ತವೆ ಎಂಬುದು ಅರಿವಾಗುತ್ತದೆ. ಎಸ್‌ಡಿ ಶೆಲ್ ಎಂಬ ಮಟ್ಟಗಳ ಗುಂಪಿನಲ್ಲಿ ಸಿಲಿಕಾನ್-28ಕ್ಕೆ 93,710 ಸ್ಥಿತಿಗಳು. ಅದರ ಮೇಲಿನ ಪಿಎಫ್ ಶೆಲ್‌ನಲ್ಲಿ ನಿಕಲ್-56ಕ್ಕೆ ನೂರು ಕೋಟಿ ದಾಟುತ್ತವೆ. ಇಡೀ ಮ್ಯಾಟ್ರಿಕ್ಸನ್ನು ಕರ್ಣೀಯಗೊಳಿಸುವುದು ಅಸಾಧ್ಯ, ಕೆಳಗಿನ ಕೆಲವೇ ಸ್ಥಿತಿಗಳನ್ನು ಹೆಕ್ಕುವ ಲ್ಯಾಂಕ್ಜೋಶ್ ವಿಧಾನ ಏಕೆ ಬೇಕು ಎಂಬುದು ಆಗ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಸಿದ್ಧ ಶೆಲ್ ಮಾಡೆಲ್ ಕೋಡ್ ತಂದು, ಇನ್‌ಪುಟ್ ಫೈಲ್ ತುಂಬಿ, ಬಂದ ಉತ್ತರವನ್ನು ಲೇಖನದಲ್ಲಿ ಹಾಕುವ ರೂಢಿ ನಮ್ಮಲ್ಲಿ ಸಾಕಷ್ಟಿದೆ. ಆ ಕೋಡ್ ಒಳಗೆ ಏನು ನಡೆಯುತ್ತಿದೆ ಎಂದು ತಿಳಿದವನ ಲೇಖನಕ್ಕೂ ತಿಳಿಯದವನ ಲೇಖನಕ್ಕೂ ಇರುವ ಅಂತರವನ್ನು ರೆಫರಿ ಮೊದಲ ಪುಟದಲ್ಲೇ ಗುರುತಿಸುತ್ತಾರೆ.

ಟ್ಯಾಲೆಂಟ್‌ನ ಹಲವು ಕೋರ್ಸ್‌ಗಳ ಪಾಠ ಮತ್ತು ಕೋಡ್ ಗಿಟ್‌ಹಬ್‌ನಲ್ಲಿ ಮುಕ್ತವಾಗಿವೆ. ಇಬ್ಬರು ಮೂವರು ಸೇರಿ ಬೇಸಿಗೆ ರಜೆಯಲ್ಲಿ ಒಂದು ಕೋರ್ಸನ್ನು ಮುಗಿಸಬಹುದು. ಒಬ್ಬರೇ ಕೂತರೆ ಎರಡನೇ ವಾರಕ್ಕೆ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು, ಆದ್ದರಿಂದ ಜೊತೆಗಾರರನ್ನು ಹುಡುಕಿಕೊಳ್ಳಿ. ಮಂಗಳೂರಿನ ವಿದ್ಯಾರ್ಥಿ, ಧಾರವಾಡದ ವಿದ್ಯಾರ್ಥಿ, ಬೆಂಗಳೂರಿನ ವಿದ್ಯಾರ್ಥಿ ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸೇರಿದರೂ ಸಾಕು.

ಪ್ರಯೋಗದ ವಿದ್ಯಾರ್ಥಿಗೆ ಟ್ಯಾಲೆಂಟ್ ಬೇಡವೇ? ಶೆಲ್ ಮಾಡೆಲ್ ಲೆಕ್ಕವನ್ನು ತಾನೇ ಮಾಡಿ ತನ್ನ ಮಾಪನಕ್ಕೆ ಹೋಲಿಸುವ ಉದ್ದೇಶ ಇದ್ದರೆ ಖಂಡಿತ ಬೇಕು. ಮೂರು ವಾರ ಬೀಮ್ ಟೈಮ್ (ವೇಗವರ್ಧಕದಲ್ಲಿ ಪ್ರಯೋಗಕ್ಕೆ ಸಿಗುವ ಸಮಯ) ತಪ್ಪಿಹೋಗುತ್ತದೆ ಎಂಬ ಭಯ ಇದ್ದರೆ ಗೈಡ್ ಜೊತೆ ಮೊದಲೇ ಮಾತಾಡಿ.

ಎರಿಚೆ, ವರೆನ್ನಾ

ಸಿಸಿಲಿಯ ಎರಿಚೆ ಬೆಟ್ಟದ ಮೇಲಿನ ಪುರಾತನ ಊರು. ಅಲ್ಲಿನ ಎತ್ತೊರೆ ಮಯೊರಾನಾ ಕೇಂದ್ರದಲ್ಲಿ 1974ರಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನದ ಅಂತಾರಾಷ್ಟ್ರೀಯ ಸ್ಕೂಲ್ ನಡೆಯುತ್ತದೆ. ಹೆಸರು ಸ್ಕೂಲ್ ಆದರೂ ಸ್ವಭಾವ ಸಮ್ಮೇಳನಕ್ಕೆ ಹತ್ತಿರ. ಹಿರಿಯರ ಆಹ್ವಾನಿತ ಭಾಷಣಗಳು, ನಡುವೆ ಕಿರಿಯರ ಭಾಷಣಗಳು. ಹೇಳಲು ಸ್ವಂತ ಫಲಿತಾಂಶ ಇರುವವರಿಗೆ, ಅಂದರೆ ಪಿಎಚ್‌.ಡಿ.ಯ ಕೊನೆಯ ಹಂತದವರಿಗೆ ಮತ್ತು ಪೋಸ್ಟ್‌ಡಾಕ್‌ಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಮೊದಲ ವರ್ಷದವರು ಅಲ್ಲಿ ಭಾಷಣಗಳ ಮಳೆಯಲ್ಲಿ ಕಳೆದುಹೋಗುತ್ತಾರೆ.

ಕೋಮೊ ಸರೋವರದ ದಂಡೆಯ ವರೆನ್ನಾದಲ್ಲಿ ಇಟಲಿಯ ಭೌತವಿಜ್ಞಾನ ಸಂಘ 1953ರಿಂದ ನಡೆಸುತ್ತಿರುವ ಸ್ಕೂಲ್‌ಗೆ ಈಗ ಎನ್ರಿಕೊ ಫರ್ಮಿಯ ಹೆಸರಿದೆ. 1954ರಲ್ಲಿ, ತೀರಿಕೊಳ್ಳುವ ಕೆಲವೇ ತಿಂಗಳ ಮುಂಚೆ, ಫರ್ಮಿ ಅಲ್ಲಿ ಪಾಠ ಮಾಡಿದ್ದರು. ಅದು ನ್ಯೂಕ್ಲಿಯರ್ ವಿಷಯಕ್ಕಷ್ಟೇ ಮೀಸಲಲ್ಲ. ನಿಮ್ಮ ವಿಷಯದ ಕೋರ್ಸ್ ಬಂದ ವರ್ಷ ಮಾತ್ರ ನೋಡಿ.

ಅಮೆರಿಕ ಮತ್ತು ಜಪಾನ್

ಅಮೆರಿಕದಲ್ಲಿ ಮೂರು ಹೆಸರುಗಳು ಮುಖ್ಯ. ನ್ಯಾಷನಲ್ ನ್ಯೂಕ್ಲಿಯರ್ ಫಿಸಿಕ್ಸ್ ಸಮ್ಮರ್ ಸ್ಕೂಲ್ ಸುಮಾರು ಎರಡು ವಾರದ್ದು, ವರ್ಷಕ್ಕೊಂದು ವಿಶ್ವವಿದ್ಯಾಲಯಕ್ಕೆ ಸುತ್ತುತ್ತದೆ. ಕ್ವಾರ್ಕ್‌ಗಳಿಂದ ನ್ಯೂಟ್ರಾನ್ ನಕ್ಷತ್ರಗಳವರೆಗೆ ಇಡೀ ಕ್ಷೇತ್ರವನ್ನು ಹಾಯ್ದುಹೋಗುತ್ತದೆ. ಎಕ್ಸಾಟಿಕ್ ಬೀಮ್ ಸಮ್ಮರ್ ಸ್ಕೂಲ್ 2002ರಿಂದ ಅಲ್ಲಿನ ಪ್ರಯೋಗಾಲಯಗಳ ನಡುವೆ ಸುತ್ತುತ್ತದೆ. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ಉಪಕರಣಗಳ ಮುಂದೆ ಕೆಲಸ. ಡಿಟೆಕ್ಟರ್ ಮುಟ್ಟಿ ಕಲಿಯಬೇಕೆನ್ನುವವರಿಗೆ ಯೂರೋಸ್ಕೂಲ್‌ಗಿಂತ ಇದೇ ಒಂದು ಕೈ ಮೇಲು. ವರ್ಜೀನಿಯಾದ ಜೆಫರ್‌ಸನ್ ಲ್ಯಾಬ್‌ನಲ್ಲಿ 1980ರ ದಶಕದಿಂದ ನಡೆಯುವ ಹಗ್ಸ್ ಸ್ಕೂಲ್ ಹೇಡ್ರಾನ್ (ಕ್ವಾರ್ಕ್‌ಗಳಿಂದಾದ ಕಣಗಳು) ಭೌತವಿಜ್ಞಾನದವರಿಗೆ. ಪ್ರೋಟಾನ್ ಒಳಗಿನ ರಚನೆಯ ಮೇಲೆ ಕೆಲಸ ಮಾಡುವವರು ಮೊದಲು ನೋಡಬೇಕಾದದ್ದು ಅದನ್ನೇ.

ಒಂದು ಎಚ್ಚರಿಕೆ. ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳಿಗೆ ವಿದೇಶಿಯರು ಕಾಲಿಡಲು ವೀಸಾ ಅಲ್ಲದೆ ಪ್ರತ್ಯೇಕ ಅನುಮತಿಯೂ ಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ. ಈಗಾಗಲೇ ಅಮೆರಿಕದಲ್ಲೇ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರಿಗೆ ಈ ಮೂರೂ ಸುಲಭದ ಆಯ್ಕೆಗಳು. ಇಲ್ಲಿಂದ ಹೋಗುವವರಿಗೆ ಖರ್ಚು ಮತ್ತು ಕಾಗದಪತ್ರದ ಲೆಕ್ಕದಲ್ಲಿ ಯುರೋಪೇ ವಾಸಿ.

ಜಪಾನಿನಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ನ್ಯೂಕ್ಲಿಯರ್ ಅಧ್ಯಯನ ಕೇಂದ್ರ ಬೇಸಿಗೆಯಲ್ಲಿ ನಡೆಸುವ ಸ್ಕೂಲ್ ಇದೆ. ರಿಕೆನ್‌ಗೆ ಪೋಸ್ಟ್‌ಡಾಕ್ ಆಗಿ ಹೋಗುವ ಆಸೆ ಇದ್ದರೆ ಅಲ್ಲಿನವರ ಪರಿಚಯಕ್ಕೆ ಒಳ್ಳೆಯ ದಾರಿ.

ನಮ್ಮಲ್ಲಿ ಹೆಚ್ಚಿನವರಿಗೆ ಇದೇ ಸರಿ: ಟ್ರಿಯೆಸ್ಟ್

ಈ ಭಾಗವನ್ನು ಕರ್ನಾಟಕದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ನಿಧಾನವಾಗಿ ಓದಬೇಕೆಂದು ನನ್ನ ಕೋರಿಕೆ. ನಮ್ಮ ಬಹುತೇಕ ವಿಭಾಗಗಳಲ್ಲಿ ನಡೆಯುವ ಕೆಲಸ ಎಕ್ಸಾಟಿಕ್ ಬೀಮ್‌ಗಳದ್ದಲ್ಲ. ಗಾಮಾ ಕಿರಣಗಳು ವಸ್ತುವಿನಲ್ಲಿ ಕ್ಷೀಣಿಸುವುದು, ಡೋಸಿಮೆಟ್ರಿ (ವಿಕಿರಣದ ಪ್ರಮಾಣ ಅಳೆಯುವುದು), ಮಣ್ಣು-ನೀರು-ಗಾಳಿಯಲ್ಲಿನ ಸಹಜ ವಿಕಿರಣ, ರೇಡಾನ್, ಕ್ರಾಸ್ ಸೆಕ್ಷನ್ (ಕ್ರಿಯೆ ನಡೆಯುವ ಸಂಭವದ ಅಳತೆ) ಲೆಕ್ಕಗಳು, ಆಲ್ಫಾ ಕ್ಷಯದ ಸೂತ್ರಗಳು, ಇವೇ ಹೆಚ್ಚು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೊಟ್ರಾನ್ (ಎಲೆಕ್ಟ್ರಾನ್ ವೇಗವರ್ಧಕ) ಕೇಂದ್ರವಿದೆ. ಕರಾವಳಿಯ, ಕೈಗಾ ಸುತ್ತಮುತ್ತಲಿನ ಪರಿಸರ ವಿಕಿರಣದ ಅಧ್ಯಯನಕ್ಕೆ ನಮ್ಮಲ್ಲಿ ಒಳ್ಳೆಯ ಪರಂಪರೆ ಇದೆ. ಇದು ಮೌಲ್ಯದ ಕೆಲಸ. ಆದರೆ ಇಂಥ ಥೀಸಿಸ್ ಇಟ್ಟುಕೊಂಡು ಹೇಲೋ ನ್ಯೂಕ್ಲಿಯಸ್‌ಗಳ ಸ್ಕೂಲಿಗೆ ಅರ್ಜಿ ಹಾಕಿದರೆ ಆಯ್ಕೆಯಾಗುವುದೂ ಕಷ್ಟ, ಆದರೂ ಉಪಯೋಗ ಕಡಿಮೆ.

ಇಟಲಿಯ ಟ್ರಿಯೆಸ್ಟ್‌ನ ಅಂತಾರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ಐಸಿಟಿಪಿಯನ್ನು ಭೌತವಿಜ್ಞಾನಿ ಅಬ್ದುಸ್ ಸಲಾಂ 1964ರಲ್ಲಿ ಕಟ್ಟಿದ್ದೇ ಅಭಿವೃದ್ಧಿಶೀಲ ದೇಶಗಳ ವಿಜ್ಞಾನಿಗಳು ತಮ್ಮ ದೇಶದಲ್ಲೇ ಇದ್ದುಕೊಂಡು ಜಗತ್ತಿನ ಸಂಪರ್ಕ ಕಳೆದುಕೊಳ್ಳದಿರಲಿ ಎಂದು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಐಎಇಎ ಜೊತೆ ಸೇರಿ ಅದು ನ್ಯೂಕ್ಲಿಯರ್ ಡೇಟಾ ಮೇಲೆ ಕಾರ್ಯಾಗಾರಗಳನ್ನು ನಡೆಸುತ್ತದೆ. ನ್ಯೂಕ್ಲಿಯರ್ ರಚನೆ ಮತ್ತು ಕ್ಷಯದ ದತ್ತಾಂಶದ ಮೇಲಿನ ಎರಡು ವಾರದ ಕಾರ್ಯಾಗಾರ ಅವುಗಳಲ್ಲಿ ಮುಖ್ಯವಾದದ್ದು. ಪ್ರತಿ ವರ್ಷ ಇರುವುದಿಲ್ಲ, ಪ್ರಕಟಣೆ ನೋಡುತ್ತಿರಬೇಕು. ನೋಂದಣಿ ಶುಲ್ಕ ಇಲ್ಲ, ಆಯ್ಕೆಯಾದ ಅಭಿವೃದ್ಧಿಶೀಲ ದೇಶಗಳವರಲ್ಲಿ ಹಲವರಿಗೆ ವಸತಿ, ಪ್ರಯಾಣಕ್ಕೆ ನೆರವೂ ಸಿಗುತ್ತದೆ.

ಅಲ್ಲಿ ಕಲಿಯುವುದೇನು? ಒಂದು ನ್ಯೂಕ್ಲೈಡ್‌ನ ಅರ್ಧಾಯುಷ್ಯವನ್ನು ಹತ್ತು ಲೇಖನಗಳು ಹತ್ತು ಬಗೆಯಾಗಿ ಕೊಟ್ಟಿವೆ ಎನ್ನೋಣ. ಯಾವುದನ್ನು ನಂಬಬೇಕು? ಕೆಲವರು ದೋಷದ ಅಂದಾಜನ್ನು ತೀರಾ ಸಣ್ಣದಾಗಿ ಕೊಟ್ಟಿರುತ್ತಾರೆ, ಕೆಲವರು ಮಾಪನದ ವಿಧಾನವನ್ನೇ ಪೂರ್ತಿ ಬರೆದಿರುವುದಿಲ್ಲ, ಒಂದೆರಡು ಲೇಖನಗಳು ಹಳೆಯ ಪ್ರಮಾಣಗಳ ಮೇಲೆ ನಿಂತಿರುತ್ತವೆ. ಇವನ್ನೆಲ್ಲ ತೂಗಿ ಒಂದು ಶಿಫಾರಸು ಮೌಲ್ಯಕ್ಕೆ ಬರುವ ಕೆಲಸಕ್ಕೆ ಇವ್ಯಾಲ್ಯುವೇಶನ್ ಎನ್ನುತ್ತಾರೆ. ನೀವು ದಿನವೂ ತೆರೆಯುವ ಕ್ಷಯದ ಪಟ್ಟಿಗಳೆಲ್ಲ ಹೀಗೆ ತಯಾರಾದವು. ಕಾರ್ಯಾಗಾರದಲ್ಲಿ ಆರಂಭವಾದ ಇವ್ಯಾಲ್ಯುವೇಶನ್ ಮುಂದೆ ಭಾಗವಹಿಸಿದವರ ಹೆಸರಿನೊಂದಿಗೆ ಪ್ರಕಟವಾದದ್ದೂ ಇದೆ. ಪರಿಸರ ವಿಕಿರಣದ ವಿದ್ಯಾರ್ಥಿ ತನ್ನ ಗಾಮಾ ಸ್ಪೆಕ್ಟ್ರಮ್‌ನಲ್ಲಿ ಬಿಸ್ಮತ್-214ರ 609 ಕೆಇವಿ ಗೆರೆಯಿಂದ ರೇಡಿಯಂ ಪ್ರಮಾಣ ಲೆಕ್ಕ ಹಾಕುವಾಗ ಬಳಸುವ ತೀವ್ರತೆಯ ಮೌಲ್ಯ ಎಲ್ಲಿಂದ ಬಂತು, ಅದರ ಅನಿಶ್ಚಿತತೆ ಎಷ್ಟು ಎಂದು ತಿಳಿದರೆ ಥೀಸಿಸ್‌ನ ದೋಷ ವಿಶ್ಲೇಷಣೆಯ ಅಧ್ಯಾಯ ಗಟ್ಟಿಯಾಗುತ್ತದೆ. ನಮ್ಮ ಎಷ್ಟೋ ಥೀಸಿಸ್‌ಗಳು ಸೊರಗಿರುವುದು ಅದೇ ಅಧ್ಯಾಯದಲ್ಲಿ.

ದೇಶದೊಳಗೆ

ವಿದೇಶಕ್ಕೆ ಹೋಗುವ ಮೊದಲು ಇಲ್ಲಿನದನ್ನು ಮುಗಿಸಿಕೊಳ್ಳಿ. ದೆಹಲಿಯ ವೇಗವರ್ಧಕ ಕೇಂದ್ರ ಐಯುಎಸಿಯನ್ನು ಯುಜಿಸಿ ವಿಶ್ವವಿದ್ಯಾಲಯದವರಿಗಾಗಿಯೇ 1984ರಲ್ಲಿ ಸ್ಥಾಪಿಸಿತು. ಅಲ್ಲಿನ 15 ಯುಡಿ ಪೆಲೆಟ್ರಾನ್ ವೇಗವರ್ಧಕದಲ್ಲಿ ಬೀಮ್ ಟೈಮ್‌ಗೆ ಪ್ರಸ್ತಾವ ಹಾಕಲು ನಮ್ಮ ಯಾವ ವಿಶ್ವವಿದ್ಯಾಲಯಕ್ಕೂ ಹಕ್ಕಿದೆ, ಅಲ್ಲಿ ಆಗಾಗ ನಡೆಯುವ ತರಬೇತಿಗಳೂ ಉಪಯುಕ್ತ. ಗಾಮಾ ಕಿರಣ ಅಳೆಯುವ ಕ್ಲೋವರ್ ಡಿಟೆಕ್ಟರ್‌ಗಳ ಸಮೂಹ ಇಂಗಾ ದೆಹಲಿ, ಮುಂಬೈ, ಕೋಲ್ಕತ್ತಾಗಳ ನಡುವೆ ಸುತ್ತುತ್ತದೆ. ಬೇರೆ ಗುಂಪಿನ ಪ್ರಯೋಗವಾದರೂ ಸರಿ, ಒಂದು ರಾತ್ರಿಪಾಳಿ ಶಿಫ್ಟ್ ಮಾಡಿ ಬಂದವರು ಸ್ಕೂಲಿನ ಪಾಠಗಳಿಂದ ಎರಡರಷ್ಟು ಪಡೆಯುತ್ತಾರೆ. ಪ್ರತಿ ಡಿಸೆಂಬರ್‌ನಲ್ಲಿ ನಡೆಯುವ, ಅಣುಶಕ್ತಿ ಇಲಾಖೆಯ (ಡಿಎಇ) ನ್ಯೂಕ್ಲಿಯರ್ ಫಿಸಿಕ್ಸ್ ಸಿಂಪೋಸಿಯಂ ಸ್ಕೂಲಲ್ಲ, ಆದರೆ ಮೊದಲ ಪೋಸ್ಟರ್‌ಗೆ ಅದೇ ವೇದಿಕೆ. ಅಂತಾರಾಷ್ಟ್ರೀಯ ದತ್ತಾಂಶ ಸಂಗ್ರಹ ಎಕ್ಸ್‌ಫೋರ್‌ಗೆ ಭಾರತದ ಮಾಪನಗಳನ್ನು ಸೇರಿಸುವ ಕಾರ್ಯಾಗಾರಗಳು ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆದಿವೆ. ಟ್ರಿಯೆಸ್ಟ್‌ಗೆ ಹೋಗಬೇಕೆನ್ನುವವರಿಗೆ ಅದು ಒಳ್ಳೆಯ ಪೂರ್ವಸಿದ್ಧತೆ. ಬೆಂಗಳೂರಿನ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ ಐಸಿಟಿಎಸ್‌ನ ಕಾರ್ಯಕ್ರಮಗಳ ಉಪನ್ಯಾಸಗಳು ಯೂಟ್ಯೂಬ್‌ನಲ್ಲಿವೆ.

ಅರ್ಜಿ, ಹಣ, ವೀಸಾ

ಅರ್ಜಿಯಲ್ಲಿ ಕಳೆಗುಂದುವುದು ಹೆಚ್ಚಾಗಿ ಉದ್ದೇಶದ ಪತ್ರ. "ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ ನನಗೆ ಅಪಾರ ಆಸಕ್ತಿ, ಈ ಪ್ರತಿಷ್ಠಿತ ಸ್ಕೂಲ್ ನನ್ನ ಜ್ಞಾನವನ್ನು ಹೆಚ್ಚಿಸುತ್ತದೆ" ಎಂದು ಬರೆದರೆ ಆಯ್ಕೆ ಸಮಿತಿಗೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಇದರ ಬದಲು ಹೀಗೆ: "ದ್ರವ್ಯರಾಶಿ ಸಂಖ್ಯೆ 90ರ ಸುತ್ತಲಿನ ನ್ಯೂಕ್ಲಿಯಸ್‌ಗಳಲ್ಲಿ ಸ್ಥಿತಿಗಳ ಜೀವಿತಾವಧಿಯನ್ನು ಇಂಗಾದ ದತ್ತಾಂಶದಿಂದ ತೆಗೆದಿದ್ದೇನೆ. ಶೆಲ್ ಮಾಡೆಲ್‌ಗೆ ಹೋಲಿಸುವಾಗ ಎಫೆಕ್ಟಿವ್ ಚಾರ್ಜ್ ಯಾವುದನ್ನು ಇಟ್ಟುಕೊಳ್ಳಬೇಕು ಎಂಬಲ್ಲಿ ನಿಂತಿದ್ದೇನೆ. ನಿಮ್ಮ ಎರಡನೆಯ ವಾರದ ಪಾಠಗಳು ನೇರವಾಗಿ ಇದಕ್ಕೇ ಸಂಬಂಧಿಸಿವೆ." ಮೂರು ವಾಕ್ಯ ಸಾಕು. ಗೈಡ್ ಅವರ ಶಿಫಾರಸು ಪತ್ರವೂ ಇದೇ ಅಂಶವನ್ನು ಹೇಳುವಂತೆ ಅವರಿಗೆ ನಿಮ್ಮ ಕರಡನ್ನು ಮೊದಲೇ ತೋರಿಸಿ.

ಹಣದ ವಿಷಯದಲ್ಲಿ ಮೊದಲು ಸ್ಕೂಲಿನವರನ್ನೇ ಕೇಳಿ. ಶುಲ್ಕ ವಿನಾಯಿತಿ, ವಸತಿ ನೆರವು ಎಷ್ಟೋ ಸ್ಕೂಲುಗಳಲ್ಲಿ ಇದೆ, ಕೇಳಿದವರಿಗೆ ಸಿಗುತ್ತದೆ. ಕೇಳಲು ಸಂಕೋಚ ಬೇಡ, ಯುರೋಪಿನ ವಿದ್ಯಾರ್ಥಿಗಳೂ ಕೇಳುತ್ತಾರೆ. ವಿಮಾನದ ಖರ್ಚಿಗೆ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳ ಪ್ರಯಾಣ ಅನುದಾನಗಳಿವೆ. ಅವುಗಳಿಗೆ ಆಯ್ಕೆಪತ್ರ ಕೈಗೆ ಬಂದ ಮೇಲೆ ಅರ್ಜಿ ಹಾಕಬೇಕು, ಮತ್ತು ಪ್ರಯಾಣಕ್ಕೆ ಸಾಕಷ್ಟು ಮುಂಚೆ. ಹಾಗಾಗಿ ಎರಡು ಸ್ಕೂಲುಗಳು ಸಮವಾಗಿ ಹೊಂದುತ್ತಿದ್ದರೆ, ಫಲಿತಾಂಶ ಬೇಗ ತಿಳಿಸುವ ಸ್ಕೂಲನ್ನು ಆರಿಸಿ.

ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. 15 ದಿನ ಕನಿಷ್ಠ ಎಂದು ನಿಯಮ ಹೇಳಿದರೂ ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ತಡ, ಎರಡು ತಿಂಗಳ ಅಂತರ ಇಟ್ಟುಕೊಳ್ಳಿ. 30,000 ಯೂರೋ ಮೊತ್ತದ ಪ್ರಯಾಣ ವಿಮೆ, ಸ್ಕೂಲಿನ ಆಹ್ವಾನ ಪತ್ರ, ವಿಶ್ವವಿದ್ಯಾಲಯದ ರಜೆ ಮಂಜೂರಾತಿ ಮತ್ತು ಫೆಲೋಶಿಪ್ ಪತ್ರ ಬೇಕು. ಆಹ್ವಾನ ಪತ್ರದಲ್ಲಿ ವಸತಿ ಮತ್ತು ಊಟದ ಖರ್ಚು ಯಾರದ್ದು ಎಂದು ಸ್ಪಷ್ಟವಾಗಿ ಬರೆದುಕೊಡಲು ಕೇಳಿಕೊಳ್ಳಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ವಿದೇಶ ಪ್ರಯಾಣದ ಅನುಮತಿ ಹಲವು ಮೇಜುಗಳನ್ನು ದಾಟಿ ಬರುತ್ತದೆ, ಆದ್ದರಿಂದ ಸ್ಕೂಲಿಗೆ ಅರ್ಜಿ ಹಾಕಿದ ವಾರವೇ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ. ಪಾಸ್‌ಪೋರ್ಟ್ ಇಲ್ಲದವರು ಇವತ್ತೇ ಅರ್ಜಿ ಹಾಕಿ.